ಲಿಸ್ಬನ್‌ನಲ್ಲಿ ಕಾಲು ಮುರಿದಿದೆ, ನಾಡಿದ್ದು ವಿಮಾನ: ಮೂಳೆ ವೈದ್ಯರೊಂದಿಗೆ ಪ್ರಶ್ನೋತ್ತರ

ನೀಲಿಕೊಡೆ: ಡಾಕ್ಟರೇ, ನಾವು ದಂಪತಿ ಲಿಸ್ಬನ್‌ಗೆ ಪ್ರವಾಸ ಬಂದಿದ್ದೇವೆ. ನಿನ್ನೆ ಮಧ್ಯಾಹ್ನ ಮಳೆಯಲ್ಲಿ ಅಲ್ಫಾಮಾದ ಇಳಿಜಾರಿನಲ್ಲಿ 28ನೇ ನಂಬರಿನ ಟ್ರಾಮ್ ಹಿಡಿಯಲು ಹೋಗುವಾಗ ನನ್ನ ಹೆಂಡತಿ ಜಾರಿ ಬಿದ್ದಳು. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ (ಟಿಬಿಯಾ) ಮುರಿದಿದೆ, ಆದರೆ ಸ್ಥಾನ ತಪ್ಪಿಲ್ಲ ಎಂದು ಎಕ್ಸ್‌ರೇ ನೋಡಿ ಹೇಳಿದರು. ತೊಡೆಯವರೆಗೆ ಪ್ಲಾಸ್ಟರ್ ಹಾಕಿ ಹೋಟೆಲಿಗೆ ಕಳುಹಿಸಿದರು. ನಾಡಿದ್ದು ಮರಳುವ ವಿಮಾನವಿದೆ. ಪ್ಲಾಸ್ಟರ್ ಇದ್ದಂತೆಯೇ ಹತ್ತಲು ಬಿಡುತ್ತಾರೆಯೇ? ರಾತ್ರಿಯಿಂದ ನೋವು ಏರುತ್ತಿದೆ, ಕೊಟ್ಟ ಮಾತ್ರೆಗೆ ಬಗ್ಗುತ್ತಿಲ್ಲ. ಬೆರಳುಗಳು ಜುಮ್ಮೆನ್ನುತ್ತಿವೆ. ಹೊಸ ಪ್ಲಾಸ್ಟರ್ ಆದ್ದರಿಂದ ಹೀಗಿರಬಹುದು ಎಂದುಕೊಂಡಿದ್ದೇವೆ.

ಮೂಳೆ ವೈದ್ಯರು: ವಿಮಾನದ ಮಾತು ಆಮೇಲೆ. ಅವರ ಕಾಲ್ಬೆರಳುಗಳನ್ನು ನೀವೇ ಮೆಲ್ಲಗೆ ಮೇಲಕ್ಕೊಮ್ಮೆ, ಕೆಳಕ್ಕೊಮ್ಮೆ ಬಾಗಿಸಿ. ಪ್ಲಾಸ್ಟರಿನೊಳಗೆ ನೋವು ಹೆಚ್ಚುತ್ತದೆಯೇ? ಕೂಡಲೇ ತಿಳಿಸಿ.

ಅಲೆಮಾರಿ: ಪ್ಲಾಸ್ಟರ್ ಹಾಕಿದ ಮೊದಲ ದಿನ ಎಲ್ಲರಿಗೂ ನೋವಿರುತ್ತದೆ. ಗಾಬರಿ ಬೇಡ. ಇನ್ನೊಂದು ನೋವಿನ ಮಾತ್ರೆ ಕೊಟ್ಟು ಮಲಗಿಸಿ, ಬೆಳಿಗ್ಗೆ ಸರಿಹೋಗುತ್ತದೆ.

ನೀಲಿಕೊಡೆ: ಬಾಗಿಸಿದರೆ ಕಿರುಚುತ್ತಾಳೆ, ಡಾಕ್ಟರೇ. ಆದರೆ ಬೆರಳುಗಳು ಬೆಚ್ಚಗಿವೆ, ಬಣ್ಣವೂ ಸರಿಯಾಗಿದೆ.

ಮೂಳೆ ವೈದ್ಯರು: ಹೊರಡಿ. 112ಕ್ಕೆ ಕರೆ ಮಾಡಿ, ಅಲ್ಲಿ ಇಂಗ್ಲಿಷ್ ನಡೆಯುತ್ತದೆ. ಟ್ಯಾಕ್ಸಿ ಬೇಗ ಸಿಗುವುದಾದರೆ ಅದರಲ್ಲೇ ಹೋಗಿ. ಆಸ್ಪತ್ರೆಯಲ್ಲಿ ‘ಉರ್ಜೆನ್ಸಿಯಾ’ (ತುರ್ತು ವಿಭಾಗ) ಎಂದು ಬರೆದಿರುವ ಬಾಗಿಲಿಗೆ ಹೋಗಬೇಕು. ಉಳಿದದ್ದನ್ನು ದಾರಿಯಲ್ಲಿ ಓದಿ.

ನಾನು ಅನುಮಾನಿಸುತ್ತಿರುವುದು ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಮೊಣಕಾಲಿನ ಕೆಳಗೆ ಸ್ನಾಯುಗಳು ನಾಲ್ಕು ಕೋಣೆಗಳಲ್ಲಿ ಕೂಡಿಹಾಕಿದಂತೆ ಇರುತ್ತವೆ. ಕೋಣೆಯ ಗೋಡೆಯಾದ ಪೊರೆ ಹಿಗ್ಗುವುದಿಲ್ಲ. ಮೂಳೆ ಮುರಿದಾಗ ಒಳಗೆ ರಕ್ತ ಸೋರಿ, ಸ್ನಾಯು ಊದಿ, ಒತ್ತಡ ಏರುತ್ತದೆ. ಸುತ್ತ ಬಿಗಿಯಾದ ಪ್ಲಾಸ್ಟರ್ ಇದ್ದರೆ ಆ ಒತ್ತಡಕ್ಕೆ ಹೊರದಾರಿ ಇನ್ನೂ ಕಡಿಮೆ. ಸಣ್ಣ ರಕ್ತನಾಳಗಳು ಮೊದಲು ಮುಚ್ಚಿಕೊಳ್ಳುತ್ತವೆ; ಸ್ನಾಯು ಮತ್ತು ನರ ಉಸಿರುಗಟ್ಟುತ್ತವೆ. ಆರರಿಂದ ಎಂಟು ಗಂಟೆ ಕಳೆದರೆ ಹಾನಿ ಮರಳಿ ಸರಿಯಾಗದ ಹಂತ ತಲುಪಬಹುದು. ದೊಡ್ಡ ಧಮನಿ ಆಗಲೂ ಹರಿಯುತ್ತಿರುತ್ತದೆ. ಅದಕ್ಕೇ ಬೆರಳು ಬೆಚ್ಚಗಿದೆ, ನಾಡಿ ಸಿಗುತ್ತಿದೆ ಎಂದು ನೆಮ್ಮದಿ ಪಡಬೇಡಿ. ಗಾಯಕ್ಕೆ ಮೀರಿದ ನೋವು, ಬೆರಳು ಬಾಗಿಸಿದಾಗ ಏರುವ ನೋವು, ಜುಮ್ಮೆನ್ನುವಿಕೆ: ನನಗೆ ಇಷ್ಟು ಸಾಕು.

ಕಾಲನ್ನು ಹೃದಯದ ಮಟ್ಟದಲ್ಲಿಡಿ. ದಿಂಬುಗಳ ಮೇಲೆ ಎತ್ತರಕ್ಕೆ ಏರಿಸಬೇಡಿ. ಏರಿಸಿದರೆ ಒಳಗೆ ಹೋಗುವ ರಕ್ತವೇ ಕಡಿಮೆಯಾಗುತ್ತದೆ. ಊಟ, ನೀರು ಏನೂ ಬೇಡ, ಶಸ್ತ್ರಚಿಕಿತ್ಸೆ ಬೇಕಾಗಬಹುದು. ಪೋರ್ಚುಗಲ್‌ನಲ್ಲಿ ಬಾಗಿಲಲ್ಲೇ ಬಣ್ಣದ ಪಟ್ಟಿ ಕೊಟ್ಟು ಸರದಿ ನಿರ್ಧರಿಸುತ್ತಾರೆ. ಕಿತ್ತಳೆ ಬಣ್ಣಕ್ಕೆ 10 ನಿಮಿಷ, ಹಳದಿಗೆ 60, ಹಸಿರಿಗೆ 120 ನಿಮಿಷದ ಗುರಿ. ‘ಕಾಲು ನೋವು’ ಎಂದಷ್ಟೇ ಹೇಳಿದರೆ ಹಸಿರು ಸಿಗಬಹುದು. ‘ನಿನ್ನೆ ಟಿಬಿಯಾ ಮುರಿದಿದೆ, ಪೂರ್ತಿ ಪ್ಲಾಸ್ಟರ್ ಇದೆ, ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಇರಬಹುದು’ ಎಂದು ಇದೇ ಪದಗಳಲ್ಲಿ ಹೇಳಿ. ಪ್ಲಾಸ್ಟರನ್ನು ಒಳಗಿನ ಹತ್ತಿಯ ಸಮೇತ ಚರ್ಮ ಕಾಣುವವರೆಗೆ ಸೀಳಬೇಕು.

ಅಲೆಮಾರಿಯವರೇ, ಇನ್ನೊಂದು ಮಾತ್ರೆ ಕೊಟ್ಟು ಮಲಗಿಸಿದ್ದರೆ ಆ ಹೆಣ್ಣುಮಗಳ ಪಾದ ಜೀವನಪರ್ಯಂತ ಜೋತುಬೀಳುವ ಅಪಾಯವಿತ್ತು. ಗೊತ್ತಿಲ್ಲದಿದ್ದರೆ ಸುಮ್ಮನಿರಿ.

ಅಲೆಮಾರಿ: ಸಮಾಧಾನ ಹೇಳಿದೆ ಅಷ್ಟೇ.

ತುಂಬೆಹೂ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗವಾಗಲಿ: ಮಂಗರವಳ್ಳಿಯನ್ನು ಅರೆದು ಪ್ಲಾಸ್ಟರಿನ ಮೇಲಂಚಿನಿಂದ ಒಳಕ್ಕೆ ಇಳಿಬಿಟ್ಟರೆ ಮೂಳೆ ಏಳೇ ದಿನದಲ್ಲಿ ಕೂಡುತ್ತದೆ. ಬಿಸಿ ಎಣ್ಣೆಯಿಂದ ಪಾದ ನೀವಿದರೆ ಜುಮ್ಮು ಹೋಗುತ್ತದೆ.

ಮೂಳೆ ವೈದ್ಯರು: ಪ್ಲಾಸ್ಟರಿನೊಳಗೆ ಏನನ್ನೂ ಸುರಿಯಬಾರದು. ಒದ್ದೆಯಾದರೆ ಚರ್ಮ ಕೊಳೆಯುತ್ತದೆ, ಕೀವಾಗುತ್ತದೆ, ಮೇಲಿನಿಂದ ಕಾಣುವುದೂ ಇಲ್ಲ. ಊದಿದ ಕಾಲನ್ನು ನೀವಬಾರದು. ದೊಡ್ಡವರ ಟಿಬಿಯಾ ಕೂಡಲು ತಿಂಗಳುಗಳೇ ಬೇಕು. ಈ ಸಂದೇಶವನ್ನು ಅಳಿಸಿ.

ಹಳೆಸೇತುವೆ: ಪ್ಲಾಸ್ಟರ್ ಹಾಕಿಕೊಂಡು ವಿಮಾನ ಹತ್ತಬಹುದೇ? ನಾವೂ ಮುಂದಿನ ತಿಂಗಳು ಹೋಗುವವರು, ತಿಳಿದಿರಲಿ ಎಂದು.

ಮೂಳೆ ವೈದ್ಯರು: ಸಾಮಾನ್ಯ ನಿಯಮ: ಪ್ಲಾಸ್ಟರ್ ಹಾಕಿ 24 ಗಂಟೆ ಆಗಿದ್ದರೆ ಎರಡು ಗಂಟೆಯೊಳಗಿನ ಹಾರಾಟ, ಅದಕ್ಕಿಂತ ದೀರ್ಘವಾದದ್ದಕ್ಕೆ 48 ಗಂಟೆ. ಅದಕ್ಕೂ ಮೊದಲು ಹೋಗಲೇಬೇಕೆಂದರೆ ಪ್ಲಾಸ್ಟರ್ ಸೀಳಿರಬೇಕು. ವಿಮಾನ ಸಂಸ್ಥೆ ಕೇಳುವ ಮೆಡಿಫ್ ಎಂಬ ವೈದ್ಯಕೀಯ ಮಾಹಿತಿಯ ಅರ್ಜಿಯನ್ನು ಚಿಕಿತ್ಸೆ ಕೊಟ್ಟ ವೈದ್ಯರು ತುಂಬಬೇಕು.

ಮೋಡದಂಚು: ಇದಕ್ಕೆಲ್ಲ ಆ ಊರಿನ ಕಲ್ಲುಗಳೇ ಕಾರಣ. ನಯವಾದ ಸುಣ್ಣದಕಲ್ಲಿನ ಚೂರುಗಳನ್ನು ಕಡಿದಾದ ಇಳಿಜಾರಿನಲ್ಲೂ ಹಾಸಿದ್ದಾರೆ. ಮಳೆ ಬಿದ್ದರೆ ಗಾಜಿನಂತೆ ಜಾರುತ್ತದೆ. ಪ್ರವಾಸಿಗರಿಂದ ಹಣ ಪಡೆಯುವ ನಗರಕ್ಕೆ ಅವನ್ನು ಕಿತ್ತುಹಾಕುವಷ್ಟು ಜವಾಬ್ದಾರಿ ಬೇಡವೇ?

ಹಳೆಸೇತುವೆ: ಕಲ್ಸಾಡಾ ಎನ್ನುವ ಆ ಕಲ್ಲುಹಾಸು ನಗರದ ಗುರುತು. 1842ರಲ್ಲಿ ಸಾಂ ಜಾರ್ಜ್ ಕೋಟೆಯಲ್ಲಿ ಕೈದಿಗಳಿಂದ ಹಾಸಿಸಿದ್ದು, ಆಮೇಲೆ ರೊಸ್ಸಿಯೊ ಚೌಕಕ್ಕೆ ಬಂತು. ನಿಮ್ಮ ಚಪ್ಪಲಿ ಜಾರುತ್ತದೆ ಎಂದು ಅದನ್ನೆಲ್ಲ ಕೀಳಬೇಕೇ? ಹಿಡಿತವಿರುವ ಬೂಟು ಹಾಕಿಕೊಂಡು ಹೋಗಿ.

ಮೋಡದಂಚು: ಬಿದ್ದವರನ್ನೇ ದೂರುವುದು ಸುಲಭ. ಊರುಗೋಲು ಹಿಡಿದು ನಡೆಯುವ ಅಲ್ಲಿನ ವೃದ್ಧರಿಗೂ ಬೂಟಿನ ಉಪದೇಶ ಕೊಡುತ್ತೀರಾ?

ಹಳೆಸೇತುವೆ: ನಾನು ಯಾರನ್ನೂ ದೂರಲಿಲ್ಲ. ಓದಲು ಬಾರದಿದ್ದರೆ ನಾನೇನು ಮಾಡಲಿ?

ಸಂಜೆಗಾಳಿ: ಯುರೋಪಿನಲ್ಲಿ ಚಿಕಿತ್ಸೆ ಉಚಿತವಲ್ಲವೇ? ವಿಮೆಯ ಗೋಜೇಕೆ?

ಅಲೆಮಾರಿ: ಉಚಿತ. ಕಾರ್ಡ್ ತೋರಿಸಿದರೆ ಸಾಕು.

ಮೋಡದಂಚು: ತಪ್ಪು ಮಾಹಿತಿ. ಆ ಆರೋಗ್ಯ ವಿಮಾ ಕಾರ್ಡ್ ಅಲ್ಲಿನ ದೇಶಗಳ ವಿಮಾ ವ್ಯವಸ್ಥೆಯಲ್ಲಿ ಇರುವವರಿಗೆ. ಷೆಂಗೆನ್ ವೀಸಾದಲ್ಲಿ ಹೋದವರಿಗೆ ಬಿಲ್ ಬರುತ್ತದೆ. ವೀಸಾಗೆ ಕನಿಷ್ಠ 30,000 ಯೂರೋ ವಿಮೆ ಕೇಳುವುದು ಸುಮ್ಮನೆ ಅಲ್ಲ.

ಅಲೆಮಾರಿ: ನಿಮಗೆ ಎಲ್ಲರನ್ನೂ ತಿದ್ದುವ ಚಟ.

ಕಣಗಿಲೆ: ಅಪ್ಪನಿಗೆ ಮೊಣಕಾಲಿನ ಕೀಲು ಬದಲಾಯಿಸಿ ಐದು ವಾರ ಆಗಿದೆ. ವಿಯೆನ್ನಾಗೆ ಕರೆದೊಯ್ಯಬಹುದೇ?

ತುಂಬೆಹೂ: ರಕ್ತ ಹೆಪ್ಪುಗಟ್ಟದಂತೆ ವಿಮಾನಕ್ಕೆ ಮುಂಚೆ ಆಸ್ಪಿರಿನ್ ನುಂಗಿದರೆ ಸಾಕು ಎಂದು ಇನ್ನೊಂದು ಸಂದೇಶ ಬಂದಿದೆ. ಇದಾದರೂ ಸರಿಯೇ?

ಮೂಳೆ ವೈದ್ಯರು: ಇಲ್ಲ. ಕಾಲು ಕಟ್ಟಿಹಾಕಿದ ರೋಗಿಗೆ ದೀರ್ಘ ಹಾರಾಟವೆಂದರೆ ಹೆಪ್ಪಿನ ಅಪಾಯ ನಿಜ. ಯಾರಿಗೆ ಹೆಪಾರಿನ್ ಚುಚ್ಚುಮದ್ದು ಬೇಕು, ಎಷ್ಟು ದಿನ, ಎಂದು ಅವರನ್ನು ಪರೀಕ್ಷಿಸಿದ ವೈದ್ಯರು ಹೇಳಬೇಕು. ಶಸ್ತ್ರಚಿಕಿತ್ಸೆಯ ಮುಂಚೆ ತಾವಾಗಿ ಆಸ್ಪಿರಿನ್ ನುಂಗಿದರೆ ರಕ್ತಸ್ರಾವ ಹೆಚ್ಚಬಹುದು. ದಯವಿಟ್ಟು ಸಂದೇಶ ರವಾನಿಸುವುದನ್ನು ನಿಲ್ಲಿಸಿ. ಒಬ್ಬರ ಕಾಲು ಉಳಿಯುವುದೋ ಇಲ್ಲವೋ ಎಂದು ನಾನು ಇಲ್ಲಿ ಕಾಯುತ್ತಿದ್ದೇನೆ.

ಸಂಜೆಗಾಳಿ: ಯಾವ ಕಂಪನಿಯ ಪ್ರವಾಸ ವಿಮೆ ಒಳ್ಳೆಯದು?

ನೀಲಿಕೊಡೆ: ಡಾಕ್ಟರೇ, ನೀವು ಹೇಳಿದ ಮಾತನ್ನೇ ಹೇಳಿದೆ. ಕಿತ್ತಳೆ ಪಟ್ಟಿ ಕಟ್ಟಿದರು. ಪ್ಲಾಸ್ಟರ್ ಸೀಳಿದರೂ ನೋವು ಇಳಿಯಲಿಲ್ಲ. ಸೂಜಿ ಚುಚ್ಚಿ ಒತ್ತಡ ಅಳೆದು ನೇರ ಶಸ್ತ್ರಚಿಕಿತ್ಸೆಗೆ ಕರೆದೊಯ್ದರು. ಕಾಲಿನ ಎರಡೂ ಬದಿ ಕೊಯ್ದು ಪೊರೆ ಬಿಡಿಸಿದ್ದಾರೆ, ಗಾಯವನ್ನು ಮುಚ್ಚಿಲ್ಲ. ಸ್ನಾಯು ಜೀವಂತವಾಗಿದೆ ಎಂದರು. ಹೊರಗಿನಿಂದ ಸರಳುಗಳನ್ನು ಹಾಕಿ ಮೂಳೆ ನಿಲ್ಲಿಸಿದ್ದಾರೆ. ಗಾಯ ತೆರೆದಿರುವುದನ್ನು ಕೇಳಿ ಅವಳು ಹೆದರಿದ್ದಾಳೆ. ನಮ್ಮ ವೀಸಾ ಇನ್ನು ನಾಲ್ಕು ದಿನಕ್ಕೆ ಮುಗಿಯುತ್ತದೆ.

ಮೂಳೆ ವೈದ್ಯರು: ಸ್ನಾಯು ಜೀವಂತವಾಗಿದೆ ಎಂಬ ಮಾತಿಗೆ ನನಗೆ ಎಷ್ಟು ನಿರಾಳವಾಯಿತೆಂದು ಹೇಳಲಾರೆ. ಗಾಯ ತೆರೆದಿಡುವುದೇ ಚಿಕಿತ್ಸೆ, ಅವರಿಗೆ ಹಾಗೆಂದು ಹೇಳಿ. ಊತ ಇಳಿಯಬೇಕು. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಮತ್ತೆ ಒಳಗೆ ನೋಡುತ್ತಾರೆ. ಆಮೇಲೆ ಹೊಲಿಗೆ, ಕೆಲವೊಮ್ಮೆ ತೊಡೆಯ ಚರ್ಮದ ಕಸಿ. ಮೂತ್ರ ಕಂದಾದರೆ ಕೂಡಲೇ ದಾದಿಗೆ ತೋರಿಸಿ, ನೊಂದ ಸ್ನಾಯುವಿನ ಅಂಶ ಮೂತ್ರಪಿಂಡಕ್ಕೆ ಹೊರೆಯಾಗಬಹುದು. ಪಾದವನ್ನು ಮೇಲಕ್ಕೆ ಎತ್ತಲು ಆಗುತ್ತದೆಯೇ ಎಂದು ದಿನವೂ ಗಮನಿಸಿ.

ನಾಡಿದ್ದಿನ ವಿಮಾನ ಬಿಟ್ಟುಬಿಡಿ. ವಿಮಾ ಕಂಪನಿಯ ತುರ್ತು ಸಂಖ್ಯೆಗೆ ಈಗಲೇ ಕರೆ ಮಾಡಿ ಪ್ರಕರಣದ ಸಂಖ್ಯೆ ಪಡೆಯಿರಿ. ಶಸ್ತ್ರಚಿಕಿತ್ಸೆಯ ವರದಿ, ಎಕ್ಸ್‌ರೇ ಚಿತ್ರಗಳು, ವಿವರವಾದ ಬಿಲ್ ಎಲ್ಲವನ್ನೂ ಕೇಳಿ ಪಡೆಯಿರಿ. ವೀಸಾ ಮುಗಿಯುವ ಮುಂಚೆ ವಿಸ್ತರಣೆಗೆ ಅರ್ಜಿ ಹಾಕಬೇಕು. ಇಂಥ ಅನಿವಾರ್ಯ ಕಾರಣಕ್ಕೆ ಷೆಂಗೆನ್ ನಿಯಮದಲ್ಲಿ ಶುಲ್ಕವಿಲ್ಲದೆ ವಿಸ್ತರಿಸಲು ಅವಕಾಶವಿದೆ. ಪೋರ್ಚುಗಲ್‌ನಲ್ಲಿ ಅದನ್ನು ನೋಡುವ ಸಂಸ್ಥೆ ಐಮಾ. ಆಸ್ಪತ್ರೆಯ ಸಮಾಜ ಕಾರ್ಯಕರ್ತರ ನೆರವು ಕೇಳಿ. ಅರ್ಜಿ ಇಬ್ಬರದೂ ಬೇಕು, ಜೊತೆಗಿರುವ ನಿಮ್ಮದನ್ನು ಮರೆಯಬೇಡಿ.

ಹಳೆಸೇತುವೆ: ಒಳ್ಳೆಯ ಸುದ್ದಿ. ಮೋಡದಂಚು ಅವರೇ, ಈಗಲಾದರೂ ನಗರಕ್ಕೆ ಶಾಪ ಹಾಕುವುದನ್ನು ಬಿಡಿ, ಕಾಲು ಉಳಿಸಿದ್ದೂ ಅದೇ ನಗರ.

ಮೋಡದಂಚು: ಉಳಿಸಿದ್ದು ವೈದ್ಯರು. ಕಲ್ಲುಗಳಲ್ಲ.

ಅಲೆಮಾರಿ: ಸ್ಥಾನ ತಪ್ಪದ ಮೂಳೆಗೆ ಇಷ್ಟೆಲ್ಲ ಕೊಯ್ಯಬೇಕಿತ್ತೇ? ವಿಮೆ ಇದೆ ಎಂದು ಬಿಲ್ ಏರಿಸುತ್ತಿರಬಹುದು.

ಮೂಳೆ ವೈದ್ಯರು: ನನ್ನ ಮೊದಲ ಉತ್ತರವನ್ನು ಓದಿ. ಇದಕ್ಕೆ ಇನ್ನು ಉತ್ತರಿಸುವುದಿಲ್ಲ.

ತುಂಬೆಹೂ: ಪ್ಲಾಸ್ಟರ್ ಇದ್ದರೆ ಎಷ್ಟು ಗಂಟೆಯ ನಂತರ ವಿಮಾನ ಹತ್ತಬಹುದು?

ಮೂಳೆ ವೈದ್ಯರು: ಮೇಲೆ ಇದೆ.

ಕಣಗಿಲೆ: ಡಾಕ್ಟರೇ, ಅಪ್ಪನ ವಿಯೆನ್ನಾ ಟಿಕೆಟ್ ಇಂದೇ ಕಾಯ್ದಿರಿಸಬೇಕು. ಒಂದು ಮಾತು ಹೇಳುತ್ತೀರಾ?