ಅಲುಗಾಡಿದರೆ ಬುದ್ಧಿ ಹೇಳುವ ಮಣೆ, ಸ್ವಲ್ಪ ಸಹಾಯ ಬೇಕು

ಗಾಜಿನಮನೆ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಚಿತ್ರಕಲೆ ಓದುತ್ತಿದ್ದೇನೆ. ಕೊನೆ ವರ್ಷದ ಪ್ರದರ್ಶನಕ್ಕೆ ಅಜ್ಜಿ ಕಾಲದ ಊಟದ ಮಣೆ ಇಡುತ್ತಿದ್ದೇನೆ. ನೋಡಲು ಬಂದವರು ಅದರ ಮೇಲೆ ಕೂರಬೇಕು. ಸ್ವಲ್ಪ ಅಲುಗಾಡಿದರೂ ಸಾಕು, ಒಂದು ಹೆಣ್ಣು ದನಿ ಬರುತ್ತದೆ. "ಕಾಲು ಮಡಚ್ಕೊಂಡು ಕೂತ್ಕೋ", "ಅಷ್ಟು ಜೋರಾಗಿ ನಗಬೇಡ", "ನಾಳೆ ಹೋದ ಮನೇಲಿ ನಮ್ಮ ಮಾನ ಕಳೀತೀಯ". ನಾನು, ನನ್ನ ಗೆಳತಿಯರು ಚಿಕ್ಕಂದಿನಿಂದ ಕೇಳಿದ್ದನ್ನೆಲ್ಲ ಸೇರಿಸಿದರೆ 41 ಮಾತು ಆದವು. ಸದ್ಯಕ್ಕೆ ನನ್ನದೇ ದನಿ.

ಮಣೆ ಕೆಳಗೆ ಪೀಜೋ ಬಿಲ್ಲೆ (ಅದುರಿದರೆ ಕರೆಂಟ್ ಹುಟ್ಟಿಸುವ ಬಿಲ್ಲೆ) ಅಂಟಿಸಿ ಆರ್ಡುಯಿನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಕೊಟ್ಟಿದ್ದೇನೆ. ಯಾರೂ ಕೂರದಿದ್ದರೂ ಫ್ಯಾನ್ ಹಾಕಿದರೆ, ಹೊರಗೆ ಲಾರಿ ಹೋದರೆ ಶುರು ಹಚ್ಚಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ತಲೆನೋವು, ಕ್ಲಾಸಿನವರಿಗೆ ತೋರಿಸಿದಾಗ ಎಲ್ಲರೂ ನಕ್ಕರು. ಬೇಕಂತಲೇ ಕುಣಿದಾಡಿ ಬೈಸಿಕೊಂಡರು. ಈ ನಗು ತಪ್ಪಿಸೋದು ಹೇಗೆ?

ಸೋಲ್ಡರ್ ಶೆಟ್ರು:
ಪೀಜೋದ ಎರಡು ತಂತಿಗೂ ಸೇರಿಸಿ 1 ಮೆಗಾಓಮ್ ರೆಸಿಸ್ಟರ್ ಹಾಕಿದ್ದೀರಾ? ಇಲ್ಲದಿದ್ದರೆ ಚಾರ್ಜ್ ಇಳಿಯಲು ದಾರಿ ಇಲ್ಲದೆ ರೀಡಿಂಗ್ ಸುಮ್ನೆ ತೇಲಾಡುತ್ತದೆ. ನಿಮ್ಮದು ಆರ್ಡುಯಿನೋ ಊನೋ ಬೋರ್ಡ್ ಆದರೆ ಅನಲಾಗ್ ಪಿನ್ 0ಯಿಂದ 1023ರವರೆಗೆ ಓದುತ್ತದೆ. ಫ್ಯಾನ್ ಹಾಕಿ ಎಷ್ಟು ಬರುತ್ತೆ ನೋಡಿ, ಅದಕ್ಕಿಂತ ಸ್ವಲ್ಪ ಮೇಲೆ ಗಡಿ ಇಡಿ. ಮಣೆ ಕೆಳಗೆ ಹಳೇ ಸೈಕಲ್ ಟ್ಯೂಬಿನ ತುಂಡು ಕೊಡಿ. ಸ್ಪೀಕರ್ ಮಾತ್ರ ನೆಲದ ಮೇಲಿಡಬೇಡಿ, ಅದರ ದನಿಗೇ ಮಣೆ ಅದುರಿ, ಬೈದಿದ್ದಕ್ಕೇ ಮತ್ತೆ ಬೈಯುತ್ತದೆ. (ನಿಮಗೆ ಅದೇ ಬೇಕು ಅಂದರೆ ಇಡಿ!) ಡಿಎಫ್‌ಪ್ಲೇಯರ್ ಮಿನಿ (ಮೆಮೊರಿ ಕಾರ್ಡಿನಿಂದ ಆಡಿಯೋ ನುಡಿಸುವ ಪುಟ್ಟ ಬೋರ್ಡ್) ಬಳಸುತ್ತಿದ್ದರೆ ಫೈಲಿಗೆ 0001, 0002 ಅಂತಲೇ ಹೆಸರಿಡಿ.

ಖಾರಮಂಡಕ್ಕಿ:
ಇದಕ್ಕೆಲ್ಲ ಕಲೆ ಅಂತ ಹೆಸರು ಬೇರೆ. ನಾನು ಗಂಡಸು, ನನಗೂ ನಮ್ಮಮ್ಮ ನೆಟ್ಟಗೆ ಕೂತ್ಕೋ ಅಂದಿದ್ದಾರೆ.

ದುರ್ಗದವಳು:
ಖಾರಮಂಡಕ್ಕಿ ಅಣ್ಣ, ನಿಮಗೆ ಅಂದಿದ್ದು ಊಟ ಮುಗಿಯುವವರೆಗೆ ಅಷ್ಟೇ. ಆಮೇಲೆ ನಿಮ್ಮ ತಟ್ಟೆ ಎತ್ತಿದ್ದು ಯಾರು ಹೇಳಿ?

ಹುಡುಗಿ, ನಗು ತಪ್ಪಿಸಬೇಡಮ್ಮ. ಹೊತ್ತು ಜಾಸ್ತಿ ಮಾಡು. 1974ರಲ್ಲಿ ಮರೀನಾ ಅಬ್ರಮೊವಿಚ್ ಅನ್ನೋ ಕಲಾವಿದೆ ಒಂದು ಕಲಾಪ್ರದರ್ಶನಕ್ಕೆ ನೇಪಲ್ಸ್‌ನಲ್ಲಿ 6 ಗಂಟೆ ಸುಮ್ಮನೆ ನಿಂತರು. ಮೇಜಿನ ಮೇಲೆ 72 ವಸ್ತು, ಜನ ಅವುಗಳಿಂದ ಅವರಿಗೆ ಏನು ಬೇಕಾದರೂ ಮಾಡಬಹುದಿತ್ತು. ಮೊದಮೊದಲು ಜನ ಮೆತ್ತಗಿದ್ದರು, ಹೊತ್ತು ಹೋದ ಹಾಗೆ ಬಟ್ಟೆ ಕತ್ತರಿಸಿದರು, ಪಿಸ್ತೂಲನ್ನೂ ಅವರತ್ತ ಹಿಡಿದರು. ಹತ್ತೇ ನಿಮಿಷಕ್ಕೆ ಮುಗಿಸಿದ್ದರೆ ಅದೂ ತಮಾಷೆಯೇ ಆಗುತ್ತಿತ್ತು. ನೀನು ಒಬ್ಬೊಬ್ಬರನ್ನೇ ಕೂರಿಸು, ಮಧ್ಯೆ ಏಳುವ ಹಾಗಿಲ್ಲ ಅನ್ನು.

ಇನ್ನೊಂದು, ಬೈಯುವ ದನಿ ಬೇಡ. ನಮ್ಮಜ್ಜಿ ಇದನ್ನೆಲ್ಲ ಹೇಳಿದ್ದು ತಲೆ ಬಾಚುತ್ತಾ, ಹರಳೆಣ್ಣೆ ಹಚ್ಚುತ್ತಾ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಆದರೆ ಜಡೆ ಅವಳ ಕೈಯಲ್ಲಿ, ಕತ್ತು ತಿರುಗಿಸಿದರೆ ಕೂದಲು ಚುರ್ ಅನ್ನೋದು, ಹೂಂ ಅನ್ನದೆ ಏನು ಮಾಡಲಿ.

ಇಲ್ಲಿ ಕೋಟೆಯಲ್ಲಿ ಓಬವ್ವನ ಕಿಂಡಿ ಮುಂದೆ ಒಮ್ಮೆ ಒಬ್ಬ ಟೀಚರ್ ಶಾಲೆ ಮಕ್ಕಳಿಗೆ ಕಥೆ ಹೇಳುತ್ತಿದ್ದರು. ಒನಕೆ ಎತ್ತಿದಳು, ಹೈದರಾಲಿಯ ಸೈನಿಕರನ್ನು ಹೊಡೆದಳು ಅಂತ ಕೈ ಬೀಸಿ ಬೀಸಿ. ನಡುವೆ ಮಾತು ನಿಲ್ಲಿಸಿ, "ಏ, ವೇಲ್ ಸರಿ ಮಾಡ್ಕೊಳ್ರೇ" ಅಂದರು. ಇದು 42ನೇದು, ಬರೆದುಕೋ.

ಗಾಜಿನಮನೆ ಹುಡುಗಿ:
ಶೆಟ್ರೇ, ರೆಸಿಸ್ಟರ್ ಹಾಕಿದೆ, ಲಾರಿ ಕಾಟ ಹೋಯಿತು. ಅಕ್ಕಾ, ನೀವು ಹೇಳಿದ ಹಾಗೆ ದನಿ ಬದಲಾಯಿಸಿದೆ. ಅಮ್ಮನ ಹತ್ತಿರ ಓದಿಸೋಣ ಅಂತ ಚೀಟಿ ಬರೆದುಕೊಟ್ಟೆ. ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು, ಚೀಟಿ ನೋಡಲೇ ಇಲ್ಲ. ಮೊಬೈಲ್ ಹಿಡಿದೆ ಅಷ್ಟೇ, ಒಂದಾದ ಮೇಲೊಂದು ಹೇಳುತ್ತಲೇ ಹೋದರು. ನನ್ನ ಪಟ್ಟಿಯಲ್ಲಿ ಇಲ್ಲದ್ದು 9 ಬಂದವು, ಎಲ್ಲ ಅವರಮ್ಮ ಅವರಿಗೆ ಹೇಳಿದ್ದಂತೆ.

ನಿನ್ನೆ ಪಕ್ಕದ ಮನೆಯ ಡಿಗ್ರಿ ಹುಡುಗನನ್ನು 20 ನಿಮಿಷ ಕೂರಿಸಿದೆ. ಮೊದಲು ನಕ್ಕ. ಆಮೇಲೆ ಕಾಲು ಒಳಗೆಳೆದುಕೊಂಡ, ಕೈ ಎರಡೂ ತೊಡೆ ಮೇಲೆ. ಕೊನೆ ಕೊನೆಗೆ ಮಣೆಯಿಂದ ಸದ್ದೇ ಇಲ್ಲ, ಅಷ್ಟು ಗಟ್ಟಿಯಾಗಿ ಕೂತಿದ್ದ. ಎದ್ದವನೇ ಅಮ್ಮನ ಕಡೆ ತಿರುಗಿ, "ಆಂಟಿ, ಸರಿಯಾಗಿ ಕೂತಿದ್ನಾ?" ಅಂತ ಕೇಳಿದ.

ಶೆಟ್ರೇ, ಹೊಸವನ್ನು ಕಾರ್ಡಿಗೆ ಹಾಕಬೇಕು. ಹೆಸರು 0042ರಿಂದ ಮುಂದುವರಿಸಿದರೆ ಸಾಕಲ್ವಾ?