ಸಹಾಯ ಬೇಕು: ಹಾಲಿನ ಲೈನ್‌ನ ಬಯೋಫಿಲ್ಮ್‌ಗೆ (ಬ್ಯಾಕ್ಟೀರಿಯಾ ಕಟ್ಟುವ ಲೋಳೆ ಪದರ) ಎನ್‌ಜೈಮ್, ಯಾವ ಹಂತದಲ್ಲಿ?

ಡೈರಿ ಸಿಐಪಿ (ಪೈಪ್ ಬಿಚ್ಚದೆ ಒಳಗೇ ತೊಳೆಯುವ ಕ್ರಮ) ನೋಡಿಕೊಳ್ಳುವವರು ಹೇಳಿ. ಪಾಶ್ಚರೈಸರ್‌ನಿಂದ ಪ್ಯಾಕಿಂಗ್‌ಗೆ ಹೋಗುವ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಲೈನ್. ಈಗಿನ ಕ್ರಮ: 1.5% ಕಾಸ್ಟಿಕ್ (ಕ್ಷಾರ) 75 ಡಿಗ್ರಿಯಲ್ಲಿ 20 ನಿಮಿಷ, ನೀರು, 1% ನೈಟ್ರಿಕ್ ಆಮ್ಲ 65 ಡಿಗ್ರಿಯಲ್ಲಿ 15 ನಿಮಿಷ, ನೀರು, ಕೊನೆಗೆ 150 ಪಿಪಿಎಂ ಪೆರಾಸೆಟಿಕ್ ಆಮ್ಲ (ಬ್ಯಾಕ್ಟೀರಿಯಾ ಕೊಲ್ಲಲು). ತೊಳೆದ ದಿನ ಸ್ವಾಬ್ ಚೊಕ್ಕಟ. ಎರಡೇ ದಿನಕ್ಕೆ ಗ್ಯಾಸ್ಕೆಟ್ ಅಂಚಲ್ಲಿ, ಟೀ ಜಾಯಿಂಟ್‌ನ ಕುರುಡು (ಮುಚ್ಚಿದ) ತುದಿಯಲ್ಲಿ ಮತ್ತೆ ಲೋಳೆ. ಗ್ಯಾಸ್ಕೆಟ್ ಬದಲಾಯಿಸಿದ್ದಾಯಿತು, ಹರಿವು ಸೆಕೆಂಡಿಗೆ 1.5 ಮೀಟರ್ ಇದೆ (ಕುರುಡು ತುದಿಗೆ ಆ ವೇಗ ಮುಟ್ಟುವುದಿಲ್ಲ, ಗೊತ್ತು, ಕತ್ತರಿಸಲು ಶಟ್‌ಡೌನ್ ಬೇಕು).

ವಾರಕ್ಕೊಮ್ಮೆ ಕಾಸ್ಟಿಕ್ ಆದಮೇಲೆ ಪ್ರೋಟಿಯೇಸ್-ಅಮೈಲೇಸ್ (ಪ್ರೋಟೀನ್, ಪಿಷ್ಟ ಒಡೆಯುವ ಎನ್‌ಜೈಮ್‌ಗಳು) ಮಿಶ್ರಣವನ್ನು ಪಿಎಚ್ 8.5, 50 ಡಿಗ್ರಿಯಲ್ಲಿ 45 ನಿಮಿಷ ಸುತ್ತಿಸುವ ಯೋಚನೆಯಿದೆ. ಎನ್‌ಜೈಮ್ ಲೋಳೆಯ ಜಾಲವನ್ನು ಕಡಿಯುತ್ತದೆ, ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಹಾಗಾಗಿ ಕಳಚಿದವು ಬೇರೆಡೆ ಕೂರುವ ಮೊದಲೇ ಪೆರಾಸೆಟಿಕ್ ಬಿಡಬೇಕು. ಎರಡನ್ನೂ ಒಟ್ಟಿಗೆ ಹಾಕುವಂತಿಲ್ಲ, ಪೆರಾಸೆಟಿಕ್ ಎನ್‌ಜೈಮನ್ನೇ ಕೆಡಿಸುತ್ತದೆ. ‘ಎಲ್ಲ ಲೋಳೆಗೂ ಒಂದೇ ಡಬ್ಬ’ ಅನ್ನುವ ಮಾರಾಟಗಾರರ ಮಾತಂತೂ ನಂಬಲಾಗದು.

ನನ್ನ ಚಿಂತೆ ಉಳಿಕೆಯದು. ಒಂದಿಷ್ಟು ಪ್ರೋಟಿಯೇಸ್ ಉಳಿದರೂ ಹಾಲಿನ ಪ್ರೋಟೀನ್ ಕೇಸಿನ್ ಒಡೆದು ಹಾಲು ಕಹಿಯಾಗಬಹುದು. ನೈಟ್ರಿಕ್ ಹಂತವನ್ನು ಎನ್‌ಜೈಮ್ ನಂತರಕ್ಕೆ ಇಟ್ಟರೆ ಪ್ರೋಟಿಯೇಸ್ ಪೂರ್ತಿ ನಿಷ್ಕ್ರಿಯವಾಗುತ್ತದೆಯೇ? ಕೊನೆಯ ನೀರನ್ನು ಕೆನೆ ತೆಗೆದ ಹಾಲಿನ ಅಗರ್ ಪ್ಲೇಟಿಗೆ ಹಾಕಿ ತಿಳಿ ವಲಯ (ಪ್ರೋಟಿಯೇಸ್ ಉಳಿದಿರುವುದರ ಗುರುತು) ನೋಡಿದರೆ ಸಾಕೇ, ಇನ್ನೂ ಸೂಕ್ಷ್ಮವಾದ ಪರೀಕ್ಷೆ ಬೇಕೇ? ಮಾಡಿ ನೋಡಿದವರು ಡೋಸ್, ಸಮಯ ಸಮೇತ ತಿಳಿಸಿ.