ಲೈಟ್ ಹತ್ತಿದ ಮೇಲೆ ಎಷ್ಟು ದೂರ?

ಕೇಳಿದ್ದು: ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತಗೊಂಡ್ವಿ. ಶನಿವಾರ ಬೆಂಗಳೂರಿಂದ ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿಗೆ ಹೊರಟಿದ್ದೀವಿ. ನಮ್ಮೆಜಮಾನ್ರು ಪೆಟ್ರೋಲ್ ಕಮ್ಮಿಯಾದ ಲೈಟ್ ಹತ್ತೋವರೆಗೂ ಬಂಕ್ ಕಡೆ ತಿರುಗಿ ನೋಡಲ್ಲ. "ಇನ್ನೂ ಐವತ್ತು ಕಿಲೋಮೀಟರ್ ಆರಾಮಾಗಿ ಓಡುತ್ತೆ" ಅಂತಾರೆ. ಹೌದಾ?

ಪುತ್ತೂರಿನವರು: ಆ ಐವತ್ತನ್ನು ನಂಬಿ ಕೆಟ್ಟವ ನಾನೇ ಮಾರಾಯ್ರೆ. ಮಳೆಗಾಲದಲ್ಲಿ ಇದೇ ಘಾಟಿ ಹತ್ತುತ್ತಿದ್ದೆ. ನೆಲ್ಯಾಡಿಯಲ್ಲಿ ಲೈಟ್ ಹತ್ತಿತು. ಮೀಟರಿನಲ್ಲಿ ಇನ್ನು 62 ಕಿ.ಮೀ. ಓಡುತ್ತದೆ ಅಂತ ಇತ್ತು, ಸಕಲೇಶಪುರಕ್ಕೆ ಸಾಕೆಂದು ಬಿಟ್ಟೆ. ಗುಂಡ್ಯ ದಾಟಿ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳತೊಡಗಿದ ಮೇಲೆ ಅಂಕಿ ಕಣ್ಣೆದುರೇ ಕರಗಿತು. ಅದು ಲೆಕ್ಕ ಹಾಕುವುದು ಅಲ್ಲಿವರೆಗೆ ಸಿಕ್ಕಿದ ಮೈಲೇಜಿನ ಮೇಲೆ. ಮುಂದೆ ಏರು ಇದೆ ಅಂತ ಅದಕ್ಕೆಂಥ ಗೊತ್ತು? ಒಂದು ತಿರುವಿನಲ್ಲಿ ಇಂಜಿನ್ ಎರಡು ಸಲ ಬಿಕ್ಕಳಿಸಿ ನಿಂತೇಹೋಯಿತು. ಕಾರು ವಾಲಿದಾಗ ಟ್ಯಾಂಕಿನ ತಳದಲ್ಲಿ ಉಳಿದ ಚೂರುಪಾರು ಪೆಟ್ರೋಲ್ ಒಂದು ಮೂಲೆಗೆ ಸರಿದು, ಇಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪ್ ಗಾಳಿ ಎಳೆಯುತ್ತದಂತೆ.

ಸ್ಪ್ಲೆಂಡರಿನಲ್ಲಿ ಬಂದ ಹುಡುಗನೊಬ್ಬ ಪುಣ್ಯಾತ್ಮ, ಸಕಲೇಶಪುರಕ್ಕೆ ಹೋದ. ಬಾಟಲಿಗೆ ಹಾಕುವುದಿಲ್ಲ ಎಂದರಂತೆ ಬಂಕಿನಲ್ಲಿ. ತನ್ನ ಬೈಕಿನ ಟ್ಯಾಂಕಿಗೇ ತುಂಬಿಸಿಕೊಂಡು ಬಂದು, ಪೈಪ್ ಕಳಚಿ ನಮಗೆ ಇಳಿಸಿಕೊಟ್ಟ. ಎರಡೂವರೆ ಗಂಟೆ! ಅಷ್ಟರಲ್ಲಿ ಅತ್ತೆಯವರ ಕಾಲಿಗೆ ಎರಡು ಉಂಬಳ ಹತ್ತಿದ್ದವು. ಆ ಕಥೆ ಈಗಲೂ ಪ್ರತಿ ಮದುವೆಮನೆಯಲ್ಲಿ ಹೊರಬರುತ್ತದೆ.

ಗ್ಯಾರೇಜ್ ಇಟ್ಟವರು: ತಳದ ಕಸ ಇಂಜಿನ್ನಿಗೆ ಹೋಗುತ್ತೆ ಅಂತ ಹೆದರಿಸ್ತಾರೆ, ಅದಕ್ಕೆ ಅಷ್ಟು ತಲೆ ಕೆಡಿಸ್ಕೋಬೇಡಿ ಅಕ್ಕಾ. ಟ್ಯಾಂಕ್ ತುಂಬಿದ್ರೂ ಪಂಪ್ ಎಳೆಯೋದು ತಳದಿಂದಾನೇ. ಪೆಟ್ಟು ಬೀಳೋದು ಪಂಪಿಗೆ. ಅದು ಟ್ಯಾಂಕಿನೊಳಗೇ ಕೂತಿರುತ್ತೆ, ಅದನ್ನ ತಣ್ಣಗಿಡೋದೂ ಪೆಟ್ರೋಲೇ. ಒಂದು ದಿನಕ್ಕೆ ಏನೂ ಆಗಲ್ಲ. ವರ್ಷಗಟ್ಟಲೆ ಇದೇ ಅಭ್ಯಾಸ ಆದ್ರೆ ಪಂಪ್ ಬೇಗ ಕೆಟ್ಟುಹೋಗುತ್ತೆ. ಡೀಸೆಲ್ ಗಾಡಿಯಾಗಿದ್ರೆ ಇನ್ನೂ ಪಜೀತಿ. ಖಾಲಿಯಾದ್ರೆ ಲೈನಿಗೆ ಗಾಳಿ ಸೇರ್ಕೊಳ್ಳುತ್ತೆ, ಅದನ್ನ ತೆಗೀದೆ ಡೀಸೆಲ್ ಹಾಕಿದ ತಕ್ಷಣ ಸ್ಟಾರ್ಟ್ ಆಗ್ಲಿಕ್ಕಿಲ್ಲ.

ಹಾಸನದವರು: ಪೆಟ್ರೋಲ್ ಉಳಿಸೋಕೆ ಇಳಿಜಾರಲ್ಲಿ ಇಂಜಿನ್ ಆಫ್ ಮಾಡೋ ಬುದ್ಧಿ ಇದ್ರೆ ಮೊದ್ಲು ಅದನ್ನ ಬಿಡಿಸಿ. ಆಫ್ ಆದ್ಮೇಲೆ ಎರಡು ಮೂರು ಸಲ ತುಳಿದ್ರೆ ಬ್ರೇಕ್ ಕಲ್ಲಾಗುತ್ತೆ, ಸ್ಟೇರಿಂಗೂ ಬಿಗಿಯಾಗುತ್ತೆ. ಗೇರಲ್ಲೇ ಇಟ್ಟು ಆಕ್ಸಿಲರೇಟರಿಂದ ಕಾಲು ತೆಗೀರಿ ಸಾಕು, ಈಗಿನ ಇಂಜಿನ್‌ಗಳು ಆಗ ತಾವೇ ಪೆಟ್ರೋಲ್ ನಿಲ್ಲಿಸುತ್ತವೆ. ರಾಷ್ಟ್ರೀಯ ಹೆದ್ದಾರೀಲಿ ನಿಂತೇಹೋದ್ರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಹಾಸನದಲ್ಲೇ ಫುಲ್ ಟ್ಯಾಂಕ್ ಮಾಡಿಸ್ತೀನಿ. ಉಂಬಳದ ಕಥೆ ಇವರಿಗೆ ಓದಿ ಹೇಳಿದೆ. ಟಿವಿ ಸೌಂಡ್ ಜಾಸ್ತಿ ಮಾಡ್ಕೊಂಡ್ರು.